ಶನಿವಾರದ ಉಸಿರು

ಅಣ್ಣನಿಗೆ ಮೊದಲ ಸಲ ಎದೆ ಬಿಗಿದದ್ದು ಒಂದು ಶನಿವಾರ. ಮಧ್ಯಾಹ್ನದ ಹೊತ್ತಿಗೆ ಯಾರೋ ಎದೆಗೆ ಹಗ್ಗ ಸುತ್ತಿ ಜಗ್ಗಿದ ಹಾಗಾಯಿತು ಎಂದ. ಸಂಜೆಗೆ ಮೈ ಬಿಸಿಯಾಯಿತು. ಭಾನುವಾರ ಎದ್ದಾಗ ಏನೂ ಇಲ್ಲ. ಮುಂದಿನ ಶನಿವಾರ ಮತ್ತೆ ಅದೇ ಹಗ್ಗ, ಅದೇ ಬಿಸಿ. ಅದರ ಮುಂದಿನ ಶನಿವಾರವೂ ಹಾಗೇ. ಸಿಂಧನೂರಿಗೆ ಟಪಾಲು ಕೂಡ ಇಷ್ಟು ಕಟ್ಟುನಿಟ್ಟಾಗಿ ಬರುತ್ತಿರಲಿಲ್ಲ ಎಂದು ನಾನು ನಕ್ಕೆ.

ಮೊದಲು ನಕ್ಕವನು ನಾನೇ. ಅದನ್ನು ಇಲ್ಲೇ ಬರೆದುಬಿಡುತ್ತೇನೆ.

ನನ್ನ ಹೆಸರು ಬಸಲಿಂಗ. ಊರಲ್ಲಿ ಹಾಗೆ ಯಾರೂ ಕರೆಯುವುದಿಲ್ಲ; ನಕಲಿ ಬಸ್ಯಾ ಎನ್ನುತ್ತಾರೆ. ಯಾರ ನಡಿಗೆಯನ್ನಾದರೂ ಒಂದು ಸಲ ನೋಡಿದರೆ ಸಾಕು, ಅದು ನನ್ನ ಕಾಲಿಗೆ ಬಂದುಬಿಡುತ್ತದೆ. ನಮ್ಮ ಜಿನ್ನಿನಲ್ಲಿ ಆಳುಗಳ ಮೇಲಿರುವ ಮುಕಾದಮ ಹೊಟ್ಟೆಯನ್ನು ಮುಂದೆ ಕಳಿಸಿ ತಾನು ಹಿಂದಿನಿಂದ ಬರುವುದು, ಗುಮಾಸ್ತ ಮೂಗಿನಿಂದ ಉರ್ದು ಆಡುವುದು, ನಮ್ಮವ್ವ ಸಿಟ್ಟು ಬಂದರೆ ದೇವರನ್ನು ‘ಲೇ’ ಎನ್ನುವುದು, ಎಲ್ಲವೂ ನನ್ನ ಹತ್ತಿರ ಇವೆ. ನನ್ನನ್ನೂ ನಾನು ಬಿಟ್ಟಿಲ್ಲ. ಇಪ್ಪತ್ತೈದಕ್ಕೇ ನೆತ್ತಿ ಬಯಲಾಗುತ್ತಿರುವ ಬಸ್ಯಾ ಕನ್ನಡಿಯ ಮುಂದೆ ನಿಂತು ಉಳಿದ ನಾಲ್ಕು ಕೂದಲಿಗೆ ಕ್ರಾಪು ತೀಡುವುದನ್ನು ಮಾಡಿ ತೋರಿಸಿದರೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ.

ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಅಣ್ಣ ಶರಣಪ್ಪ ಹನ್ನೆರಡು ವರ್ಷದವನಿದ್ದಾಗ ಅದರೊಳಗೆ ಹೋದವನು. ಅಪ್ಪ ಬೇಗ ತೀರಿಹೋದ, ನಾನು ತೊಟ್ಟಿಲಲ್ಲಿದ್ದೆ, ಒಲೆ ಉರಿಯಬೇಕಿತ್ತು. ನಾನು ಬೆಳೆದ ಮೇಲೆ ಅವನ ಹಿಂದೆಯೇ ಹೋದೆ. ಒಳಗೆ ಯಂತ್ರಗಳು ತಿರುಗಲು ತೊಡಗಿದರೆ ಹತ್ತಿಯ ಧೂಳು ಮಂಜಿನ ಹಾಗೆ ನಿಲ್ಲುತ್ತಿತ್ತು. ಸಂಜೆ ಭೋಂಗಾ ಕೂಗಿ ಹೊರಗೆ ಬರುವಾಗ ನಮ್ಮೆಲ್ಲರ ಹುಬ್ಬು, ಮೀಸೆ, ರೆಪ್ಪೆ ಬೆಳ್ಳಗೆ. ಬೆಳಿಗ್ಗೆ ಹುಡುಗರಾಗಿ ಹೋದವರು ಸಂಜೆ ಮುದುಕರಾಗಿ ಬರುತ್ತೇವೆ, ಬಾವಿಯ ಹತ್ತಿರ ಎರಡು ಕೊಡ ನೀರು ಸುರಿದುಕೊಂಡರೆ ಮತ್ತೆ ಹುಡುಗರಾಗುತ್ತೇವೆ ಎಂದು ನಾನು ಹೇಳುತ್ತಿದ್ದೆ.

ಅಣ್ಣ ನೀರು ಸುರಿದುಕೊಂಡ ಮೇಲೂ ಮುದುಕನಾಗಿಯೇ ಉಳಿಯತೊಡಗಿದ್ದು ಯಾವಾಗ ಎಂದು ನಮಗೆ ತಿಳಿಯಲಿಲ್ಲ.

ಶನಿವಾರಕ್ಕೇ ಬರುತ್ತದೆಂದ ಮೇಲೆ ಬೇರೆ ಯಾರ ಕಡೆ ಬೆರಳು ತೋರಿಸುವುದು? ಅವ್ವ ಪಂಚಾಂಗ ನೋಡುವ ಅಯ್ಯನ ಹತ್ತಿರ ಹೋದಳು. ಅವನು ಬೆರಳು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ ಹೇಳಿದ: “ಸಾಡೇಸಾತಿ ಹಿಡದೈತವ್ವ. ಏಳೂವರಿ ವರ್ಸ ಶನಿ ಬಿಡಂಗಿಲ್ಲ. ಎಣ್ಣಿ ಎರದು ಉಪಾಸ ಮಾಡ್ಸು.”

ನಾವು ಮಸ್ಕಿ ಮಲ್ಲಯ್ಯನ ಒಕ್ಕಲು. ನಮ್ಮ ವಾರ ಸೋಮವಾರ. ಆದರೂ ಮನೆಯಲ್ಲಿ ಶನಿವಾರ ಶುರುವಾಯಿತು. ಅಣ್ಣ ಬೆಳಕು ಹರಿಯುವ ಮೊದಲು ತಣ್ಣೀರು ಸುರಿದುಕೊಂಡು, ಬರಿಗಾಲಲ್ಲಿ ಊರಾಚೆಯ ಹನುಮಪ್ಪನ ಗುಡಿಗೆ ನಡೆದು, ಶನಿದೇವರ ಹೆಸರಲ್ಲಿ ಎಣ್ಣೆ ಎರೆದು, ಅಲ್ಲಿಂದ ಸೀದಾ ಜಿನ್ನಿಗೆ ಹೋಗುತ್ತಿದ್ದ. ಸಂಜೆಯವರೆಗೆ ಗುಟುಕು ನೀರಿಲ್ಲ. ಎದೆ ಬಿಗಿಯುವ ದಿನವೇ ಹಸಿದ ಹೊಟ್ಟೆಯಲ್ಲಿ ಹೊರೆ ಹೊರುತ್ತಿದ್ದ. ನಾವೇ ಹಾಗೆ ಮಾಡಿಸುತ್ತಿದ್ದೆವು. ಪ್ರೀತಿಯಿಂದ.

ಶನಿಗೆ ಎಣ್ಣೆ ರುಚಿಸಿತೋ ಏನೋ. ಶನಿವಾರಕ್ಕೆಂದು ಬಂದವನು ಭಾನುವಾರವೂ ಉಳಿದ. ಮರುವರ್ಷ ಸೋಮವಾರ, ಮಂಗಳವಾರ. ಒಂದು ಹೊತ್ತಿನ ಊಟಕ್ಕೆ ಬಂದ ಬೀಗ ಹಾಸಿಗೆ ಬಿಚ್ಚಿದ ಹಾಗೆ. ಜಿನ್ನು ನಡೆಯುವುದು ಹತ್ತಿ ಬಿಡಿಸುವ ಕಾಲದಲ್ಲಿ ಮಾತ್ರ, ಮಳೆಗಾಲಕ್ಕೆ ನಿಲ್ಲುತ್ತದೆ. ಮೊದಲೆರಡು ಮಳೆಗಾಲ ಅಣ್ಣ ಪೂರ್ತಿ ಮೊದಲಿನಂತಾದ.

ಮೂರನೆಯ ಮಳೆಗಾಲದಲ್ಲಿ ಹಾಗಾಗಲಿಲ್ಲ.

ಕೆಮ್ಮು ಇತ್ತು, ಆದರೆ ಕೆಮ್ಮಿಗೆ ನಾವು ಹೊಂದಿಕೊಂಡಿದ್ದೆವು. ಜಿನ್ನಿನವರ ಮನೆಯಲ್ಲಿ ಕೆಮ್ಮು ಇಲ್ಲದಿದ್ದರೆ ಯಾರೋ ಮನೆಯಲ್ಲಿಲ್ಲ ಎಂದು ಅರ್ಥ. ಹೊಂದಿಕೊಳ್ಳಲು ಆಗದೆ ಹೋದದ್ದು ದಣಿವು. ಸ್ನಾನ ಮಾಡಿದರೆ ಅಣ್ಣ ಒದ್ದೆ ತಲೆಯಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಿದ್ದ, ಒರೆಸಿಕೊಳ್ಳುವುದು ಇನ್ನೊಂದು ಕೆಲಸ ಎಂಬಂತೆ. ಧೋತರ ಉಡುವಾಗ ನಡುವೆ ಒಮ್ಮೆ ಕೂರುತ್ತಿದ್ದ. ಅರ್ಧ ರೊಟ್ಟಿ ತಿಂದು ಕೈ ನಿಲ್ಲಿಸುತ್ತಿದ್ದ. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗುವ ಮೊದಲಿನ ದಣಿವೇ ಹಾಸಿಗೆಯ ಪಕ್ಕದಲ್ಲಿ ಕಾದು ಕೂತಿರುತ್ತಿತ್ತು. ನಾವು ದುಡಿದು ದಣಿಯುವವರು. ದುಡಿಯದೆ ದಣಿಯುವವನಿಗೆ ನಮ್ಮಲ್ಲಿ ಇರುವುದು ಒಂದೇ ಹೆಸರು.

“ರೊಟ್ಟಿ ಬಿರಸ ಆಗ್ಯಾವೇನು?” ಎಂದು ಅತ್ತಿಗೆ ನೀಲಮ್ಮ ಕೇಳುತ್ತಿದ್ದಳು.

“ಇಲ್ಲ. ಚಲೋ ಅದಾವ.”

“ಮತ್ತ ಯಾಕ ಕೈ ನಿಂತಾದ?”

ಅಣ್ಣ ಗಂಗಾಳ ಪಕ್ಕಕ್ಕೆ ಸರಿಸುತ್ತಿದ್ದ. ಅತ್ತಿಗೆ ನನ್ನ ಕಡೆ ತಿರುಗುತ್ತಿದ್ದಳು. “ಜ್ವರ ಬಂದಾಗೂ ನಾ ನೀರು ಹೊತ್ತೀನಿ ಬಸಣ್ಣ. ಇವರಿಗೆ ತುಂಬಿದ ಚರಿಗಿ ಎತ್ತಾಕ ಜೀವ ಬರವಲ್ದು. ಮೈಗಳ್ಳತನಕ್ಕ ಔಷಧ ಎಲ್ಲಿ ಸಿಗತೈತಿ ಕೇಳಿ ಬಾ.”

ನಾನು ಔಷಧ ಕೇಳಲು ಹೋಗಲಿಲ್ಲ. ಅಣ್ಣನನ್ನು ಕಲಿತೆ.

ಅವನಿಗೊಂದು ಉಪಾಯವಿತ್ತು. ದಾರಿಯಲ್ಲಿ ಉಸಿರು ಸಿಗದಾದಾಗ ಸುಮ್ಮನೆ ನಿಂತರೆ ಜನ ನೋಡುತ್ತಾರಲ್ಲ? ಅದಕ್ಕೆ ಅಂಗಾಲಲ್ಲಿ ಮುಳ್ಳು ಚುಚ್ಚಿದವನಂತೆ ಗೋಡೆಗೆ ಆನಿಕೊಂಡು, ಕಾಲು ಮಡಿಚಿ, ಮುಳ್ಳು ತೆಗೆಯುತ್ತಿದ್ದ. ಇಲ್ಲದ ಮುಳ್ಳು. ಮನೆಯಿಂದ ಜಿನ್ನಿನವರೆಗೆ ಮೊದಲು ಒಂದು ಮುಳ್ಳು, ಆಮೇಲೆ ಮೂರು, ಆಮೇಲೆ ಲೆಕ್ಕವಿಲ್ಲ. ನಾನು ಹಿಂದೆ ಹಿಂದೆ ನಡೆದು ಎಲ್ಲವನ್ನೂ ಎತ್ತಿಕೊಂಡೆ: ತುಟಿ ಸುರುಟಿ ಬಿಸಿ ಅಂಬಲಿ ಊದುವವನಂತೆ ಉಸಿರು ಬಿಡುವುದು, ಭುಜ ಕಿವಿಯ ಹತ್ತಿರ ಏರುವುದು, ಕಣ್ಣು ಮಾತ್ರ ಏನೂ ಆಗಿಲ್ಲವೆಂಬಂತೆ ಆಕಾಶದ ಮೋಡ ನೋಡುವುದು.

ಒಂದು ಗುರುವಾರ ಬುತ್ತಿ ಬಿಚ್ಚುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಅದನ್ನು ಮಾಡಿ ತೋರಿಸಿದೆ. ಜನ ನಕ್ಕೂ ನಕ್ಕೂ ರೊಟ್ಟಿ ನೆತ್ತಿಗೆ ಹತ್ತಿಸಿಕೊಂಡರು.

“ನಿಮ್ಮಣ್ಣನ ಕಾಲಾಗ ಜಾಲಿ ಗಿಡಾನ ಬೆಳದೈತೇನಲೇ?” ಎಂದು ಒಬ್ಬ ಕೇಳಿದ.

“ಬಾಯಾಗ ಬೇಲಿ ಹಾಕ್ಯಾರ, ಕಾಲಾಗ ಜಾಲಿ ಹಚ್ಚ್ಯಾರ” ಎಂದೆ. ಮತ್ತೆ ನಗು. ಆಮೇಲೆ ನಗು ಒಂದು ಮೂಲೆಯಿಂದ ಆರುತ್ತ ಬಂತು.

ಅಣ್ಣ ನನ್ನ ಹಿಂದೆ ನಿಂತಿದ್ದ.

ಬೈಯಲಿಲ್ಲ. ಬುತ್ತಿಯ ಅರಿವೆ ಮಡಿಚಿಕೊಂಡು ಒಳಗೆ ಹೋದ. ಮರುದಿನ ಶುಕ್ರವಾರ, ಜಿನ್ನಿಗೆ ವಾರದ ಜುಮ್ಮಾ ಸೂಟಿ. ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಅದಕ್ಕೂ ನಾನು ಅವ್ವನ ಮುಂದೆ ಏನೋ ತಮಾಷೆ ಮಾಡಿದೆ. ಏನೆಂದು ನೆನಪಿಲ್ಲ, ನೆನಪಿಲ್ಲದ್ದೇ ಒಳ್ಳೆಯದು.

ಶನಿವಾರ ಅಣ್ಣ ಹನುಮಪ್ಪನಿಗೆ ಹೋಗಿ ಬಂದು, ಖಾಲಿ ಹೊಟ್ಟೆಯಲ್ಲಿ ಮುಕಾದಮನ ಮುಂದೆ ನಿಂತ. “ಇವತ್ತ ಅಂಡಿಗಿ ನಂಗ ಹೊರಸು” ಎಂದ. ಅಂಡಿಗೆ ಎಂದರೆ ಹತ್ತಿ ತುರುಕಿದ ಭಾರಿ ಚೀಲ. ಅದನ್ನು ಬೆನ್ನ ಮೇಲೆ ಹೊತ್ತು ಇಳಿಜಾರಾಗಿ ಇಟ್ಟ ಹಲಗೆ ಹತ್ತಿ ಅಟ್ಟಕ್ಕೆ ಹಾಕಬೇಕು. ಒಂದು ವರ್ಷದಿಂದ ಅವನಿಗೆ ಆ ಕೆಲಸ ಕೊಟ್ಟಿರಲಿಲ್ಲ.

“ಆಗತೈತೇನೋ ಶರಣಪ್ಪ?”

“ಆಗತೈತಿ.”

ಹೊತ್ತ. ಎಲ್ಲಿಯೂ ನಿಲ್ಲಲಿಲ್ಲ, ಕಾಲು ಮಡಿಚಲಿಲ್ಲ, ಮೋಡ ನೋಡಲಿಲ್ಲ. ಗಿಡದ ಕೆಳಗೆ ನಕ್ಕವರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ಹಲಗೆಯ ತುದಿಯಲ್ಲಿ ಅಂಡಿಗೆ ಇಳಿಸಿದ. ಹಾಗೆಯೇ ಮಂಡಿ ಹಿಡಿದು ಕುಸಿದ.

ತುಟಿ ನೇರಳೆಯಾಗಿತ್ತು.

ಎದೆ ಏರುತ್ತಿತ್ತು, ಆದರೆ ಗಾಳಿ ಹೋದ ಹಾಗೆ ಕಾಣಲಿಲ್ಲ. ಕೊರಳ ಎರಡೂ ಕಡೆ ನರ ಹಗ್ಗದಂತೆ ಎದ್ದಿದ್ದವು. ಮುಕಾದಮ ಓಡಿ ಬಂದು ಬೆಲ್ಲದ ಹೆಂಟೆಯೊಂದನ್ನು ಅವನ ಬಾಯಿಗೆ ತುರುಕಿದ. ಜಿನ್ನಿನಲ್ಲಿ ಎಲ್ಲದಕ್ಕೂ ಅದೇ ಔಷಧ. ಬೆಲ್ಲ ತಿಂದರೆ ಎದೆಯ ಹತ್ತಿಯೆಲ್ಲ ಹೊಟ್ಟೆಗೆ ಇಳಿಯುತ್ತದೆಂದು ದಿನಾ ಸಂಜೆ ಕೊಡುತ್ತಾರೆ. ಉಸಿರಿಗೇ ಜಾಗವಿಲ್ಲದ ಬಾಯಲ್ಲಿ ಬೆಲ್ಲ. ಅಣ್ಣನ ಕಣ್ಣು ಮೇಲಾದವು. ನಾನು ಬೆರಳು ಹಾಕಿ ಆ ಹೆಂಟೆಯನ್ನು ಕಿತ್ತು ಬಿಸಾಕಿದೆ. ಅವನ ಹಲ್ಲು ನನ್ನ ಬೆರಳಿಗೆ ಊರಿದ್ದವು. ಕಲೆ ಇನ್ನೂ ಇದೆ.

ಉಸಿರು ತಿರುಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಯಾರೋ ‘ಕ್ಷಯ’ ಎಂದರು. ಸುತ್ತ ನಿಂತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

ಅತ್ತಿಗೆಯನ್ನೂ ಕರೆದುಕೊಂಡು ನಾವು ಸರ್ಕಾರಿ ಮೋಟಾರು ಹತ್ತಿ ಲಿಂಗಸುಗೂರಿಗೆ ಹೊರಟೆವು. ಅಲ್ಲಿಯ ದವಾಖಾನೆಗೆ ಹೈದರಾಬಾದಿನಲ್ಲಿ ಓದಿದ ಹೊಸ ಡಾಕ್ಟರು ಬಂದಿದ್ದಾರೆಂದು ಸುದ್ದಿ ಇತ್ತು. ಮಸ್ಕಿಯಲ್ಲಿ ಮೋಟಾರಿಗೆ ನೀರು ಹಾಕಲು ನಿಲ್ಲಿಸಿದರು. ಅಣ್ಣ ನೀರು ಕುಡಿಯಲು ಇಳಿದ. ಬಾವಿ ಮೂವತ್ತು ಹೆಜ್ಜೆಯೂ ಇರಲಿಲ್ಲ. ಹೋಗುವಾಗ ಹೋದ; ಬರುವಾಗ ಬರಲಾರದೆ ನಡುವೆ ನಿಂತುಬಿಟ್ಟ.

“ಏ ಮಾರಾಜ, ಮೆರವಣಿಗಿ ಹೊಂಟೀಯೇನು? ಲಗೂ ಬಾ” ಎಂದು ಡ್ರೈವರು ಭೋಂ ಭೋಂ ಎನಿಸಿದ. ಒಳಗಿದ್ದವರು ಗೊಣಗಿದರು. ಅತ್ತಿಗೆ ಸೆರಗು ಮುಖದ ಮೇಲೆ ಎಳೆದುಕೊಂಡಳು. “ಮಂದಿ ಮುಂದ ಮಾನ ತೆಗೀಬೇಡ್ರಿ, ಬರ್ರಿ” ಎಂದು ಕಿಟಕಿಯಿಂದಲೇ ಹೇಳಿದಳು. ಆಚೆ ಮಲ್ಲಯ್ಯನ ಗುಡ್ಡ ಕಾಣುತ್ತಿತ್ತು. ಅಣ್ಣ ಅದರ ಕಡೆ ತಿರುಗಿ ಕೈಮುಗಿದು ನಿಂತ. ಭಕ್ತಿಯೋ ಉಸಿರೋ, ಯಾವುದಕ್ಕೆ ನಿಂತನೆಂದು ನನಗೆ ಗೊತ್ತಿತ್ತು. ಇಳಿದು ಹೋಗಿ ಅವನ ಪಕ್ಕದಲ್ಲಿ ನಾನೂ ಕೈಮುಗಿದೆ. ಇಬ್ಬರು ನಿಂತರೆ ಅದು ಭಕ್ತಿಯೇ ಆಗುತ್ತದೆ.

ದವಾಖಾನೆಯಲ್ಲಿ ಸರದಿ ಬಂದಾಗ ಅಣ್ಣ ಬೆಂಚಿನ ಮೇಲೆ ಎರಡು ತಾಸು ಕೂತು ಆರಾಮಾಗಿದ್ದ. ಡಾಕ್ಟರು ಕಲಬುರ್ಗಿ ಕಡೆಯ ಸಾಹೇಬರು. ಅರ್ಧ ಉರ್ದು, ಅರ್ಧ ನಮ್ಮ ಮಾತು.

“ಕ್ಯಾ ತಕಲೀಫ್?”

“ಏನಿಲ್ರೀ ಸಾಹೇಬ್ರ. ಸ್ವಲ್ಪ ದಣಿವು.”

“ನಡೀತಿ?”

“ನಡೀತೀನ್ರಿ.”

“ಹೊರೆ ಹೊರತಿ?”

“ಹೊರತೀನ್ರಿ.”

“ಮತ್ಯಾಕ ಬಂದಿ?”

ಅಣ್ಣ ನೆಲ ನೋಡಿದ. ಡಾಕ್ಟರು ಸ್ಟೆತಸ್ಕೋಪ್ ಇಟ್ಟು, ಬೆನ್ನಿಗೆ ಬೆರಳು ಬಡಿದು, ಚೀಟಿಯ ಮೇಲೆ ‘ಬ್ರಾಂಕೈಟಿಸ್’ ಎಂದು ಬರೆದು, ಮಿಕ್ಸ್‌ಚರ್ ಕೊಡುವಂತೆ ಕಾಂಪೌಂಡರನ ಕಡೆ ತಳ್ಳಿದರು. ಕ್ಷಯ ಅಲ್ಲ ಎಂದರು. ಅತ್ತಿಗೆ ಎದ್ದೇಬಿಟ್ಟಳು. ಇಷ್ಟಕ್ಕೇ ಇಲ್ಲಿವರೆಗೆ ಬಂದೆವೇ ಎಂಬ ಮುಖ. ಒಂದು ಸೀಸೆ ಹಿಡಿದು ಮರಳಿ ಹೋಗುವುದು, ಮುಂದಿನ ಶನಿವಾರ ಮತ್ತೆ ಹಲಗೆ ಹತ್ತುವುದು.

“ಸಾಹೇಬ್ರ, ಇವ ಸುಳ್ಳು ಹೇಳಾಕತ್ತಾನ” ಎಂದೆ.

“ನೀ ಯಾರು?”

“ತಮ್ಮ ರೀ. ಇವನ ನಕಲಿ ಮಾಡ್ತೀನಿ.”

ಕಾಂಪೌಂಡರ್ ಕಿಸಕ್ಕೆಂದ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಮಾಡು, ನೋಡೋಣ.”

ಮಾಡಿದೆ. ನಗಿಸಲೆಂದು ಸೇರಿಸಿದ್ದನ್ನೆಲ್ಲ ತೆಗೆದುಹಾಕಿ ಮಾಡಿದೆ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಮಂಡಿಗೆ ಕೈ ಊರಿ ಕೂರುವುದು. ಧೋತರದ ನಡುವೆ ಕೂರುವುದು. ಚರಿಗೆ ಎತ್ತಿ, ಇಟ್ಟು, ಮತ್ತೆ ಎತ್ತುವುದು. ಅರ್ಧ ರೊಟ್ಟಿ ಅಗಿದು, ಅಗಿಯುವುದು ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಅಗಿಯುವುದು. ಹೆಂಡತಿ ಬೈದಾಗ ಉತ್ತರ ಕೊಡಲು ಬಾಯಿ ತೆರೆದು, ಅಷ್ಟು ಗಾಳಿ ಇಲ್ಲವೆಂದು ಮುಚ್ಚುವುದು. ಇದನ್ನು ನಾನು ಗಿಡದ ಕೆಳಗೆ ಎಂದೂ ತೋರಿಸಿರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆಮೇಲೆ ದಾರಿ. ಮುಳ್ಳು. ತುಟಿ ಸುರುಟಿ ಬಿಡುವ ಆ ಉದ್ದದ ಉಸಿರು.

ಕಾಂಪೌಂಡರನ ನಗು ಯಾವಾಗ ನಿಂತಿತೋ ಗೊತ್ತಿಲ್ಲ.

“ಇದು ಶನಿವಾರದ್ದು ರೀ” ಎಂದೆ ಕೊನೆಗೆ. “ಗುರುವಾರದ್ದು ಇದಕ್ಕಿಂತ ಹಗರ ಇರತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಶನಿವಾರದ್ದು ಬ್ಯಾರೆ ಐತೇನು? ಮೊದಲಿಂದಾನೂ?”

“ಮೊದ್ಲು ಬರೇ ಶನಿವಾರಾನ ಇತ್ರೀ. ಸಾಡೇಸಾತಿ.”

“ನಿಮ್ಮ ಜಿನ್ನಿಗೆ ಸೂಟಿ ಯಾವತ್ತು?”

“ಜುಮ್ಮಾ ರೀ. ಶುಕ್ರವಾರ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: “ನಾ ಓದು ಮುಗಿಸಿ ಒಂದು ಮಿಲ್ಲಿನ ಊರಾಗ ಇದ್ದೆ. ಅಲ್ಲಿ ಸೂಟಿ ಭಾನುವಾರ. ಅಲ್ಲಿಯವರಿಗೆ ಇದ ಎದಿ ಬಿಗಿತ, ಇದ ಜ್ವರ, ಸೋಮವಾರ ಬರ್ತಿತ್ತು. ಒಂದು ದಿನ ಧೂಳು ಬಿಟ್ಟು ಮರುದಿನ ಒಳಗ ಹೋದ್ರ ಎದಿ ತಡಕೊಳ್ಳಂಗಿಲ್ಲ. ಇದು ಶನಿ ಅಲ್ಲಪಾ. ಹತ್ತಿ.”

ಮತ್ತೆ ಅಣ್ಣನ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಈ ಸಲ ಬಹಳ ಹೊತ್ತು. ಮೂರು ವರ್ಷದ ಉಪವಾಸ, ತಣ್ಣೀರು, ಬರಿಗಾಲ ನಡಿಗೆ ನನ್ನ ಕಣ್ಣ ಮುಂದೆ ಸಾಲಾಗಿ ಹೋದವು.

“ಆರಾಮ ಆಗತೈತೇನ್ರಿ?” ಎಂದು ಅತ್ತಿಗೆ ಸೆರಗಿನ ಒಳಗಿನಿಂದ ಕೇಳಿದಳು.

“ಎದಿಯೊಳಗಿನ ಪುಪ್ಪುಸ ಹೋದದ್ದು ಬರಂಗಿಲ್ಲಮ್ಮ. ಉಳದದ್ದು ಉಳಸ್ಕೋಬೇಕು. ಜಿನ್ನಿನ ಒಳಗ ಕಾಲಿಡಬಾರ್ದು. ಉಪಾಸ ಬಂದ್.” ಆಮೇಲೆ ಅವಳ ಕಡೆ ತಿರುಗಿದರು. “ನೀವೂ ನಾನೂ ಉಸಿರಾಡ್ತೀವಿ ಅನ್ನೂದ ನಮಗ ಗೊತ್ತಿರಂಗಿಲ್ಲ. ಇವನಿಗೆ ಅದ ದಿನಪೂರ್ತಿ ಕೆಲಸ. ಆ ಕೆಲಸ ಮುಗದು ಉಳದ ಕಸುವಿನ್ಯಾಗ ನಿಮ್ಮ ಅಂಡಿಗಿ ಹೊತ್ತಾನ. ಇಂಥವನಿಗೆ ಮೈಗಳ್ಳ ಅಂದ್ರ ಹ್ಯಾಂಗ?”

ಆ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ. ನನ್ನ ನಕಲಿನಲ್ಲಿ ಅತ್ತಿಗೆಯ ಬೈಗುಳವೂ ಇತ್ತಲ್ಲ, ಅದರಿಂದ ತಿಳಿದಿರಬೇಕು. ಅತ್ತಿಗೆ ಅಣ್ಣನ ಹೆಗಲಿನ ಮೇಲೆ ಅಂಟಿದ್ದ ಏನನ್ನೋ ತೆಗೆಯುವವಳಂತೆ ಕೈ ಇಟ್ಟಳು. ಹಾಗೇ ಇಟ್ಟುಕೊಂಡೇ ಇದ್ದಳು.

ಡಾಕ್ಟರು ನನ್ನ ಕಡೆ ನೋಡಿದರು. “ನೀನೂ ಅಲ್ಲೇ?”

“ಹೂಂ ರೀ.”

“ನಿಂದು ತೋರ್ಸು.”

ನಾನು ಕ್ರಾಪು ತೀಡಿ ತೋರಿಸಿದೆ. ಅವರು ನಗಲಿಲ್ಲ. “ನಿನ್ನ ಶನಿವಾರ ತೋರ್ಸು.”

ನಿಂತೆ. ಭುಜ ತಾನೇ ಏರಿತು. ತುಟಿ ತಾನೇ ಸುರುಟಿತು. ಕೆಲವು ತಿಂಗಳಿಂದ ಶನಿವಾರ ಸಂಜೆ ನನ್ನ ಎದೆಯೂ ಹೀಗೆಯೇ ಇರುತ್ತಿತ್ತು. ಅಣ್ಣನನ್ನು ಮಾಡಿ ಮಾಡಿ ಮೈಗೆ ರೂಢಿಯಾಗಿದೆ ಎಂದುಕೊಂಡಿದ್ದೆ.

ಅದು ಅಣ್ಣನದಾಗಿರಲಿಲ್ಲ.

“ನಿನಗ ಇನ್ನೂ ಶನಿವಾರ ಅಷ್ಟ ಐತಿ” ಎಂದರು ಡಾಕ್ಟರು, ಸ್ಟೆತಸ್ಕೋಪ್ ಕಿವಿಯಿಂದ ತೆಗೆಯುತ್ತ. “ಇವನಿಗೂ ಮೊದಲು ಶನಿವಾರ ಅಷ್ಟ ಇತ್ತು.”

ಮರಳುವಾಗ ಮೋಟಾರಿನಲ್ಲಿ ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿದ್ದದ್ದನ್ನು ಮಾಡಿ ತೋರಿಸಲು ನನಗೆ ಬರುವುದಿಲ್ಲ.

ಅವ್ವನಿಗೆ ಹೇಳಿದೆವು. ಶನಿ ಅಲ್ಲವಂತೆ, ಹತ್ತಿಯಂತೆ, ಹೋದದ್ದು ಬರುವುದಿಲ್ಲವಂತೆ. ಅವಳು ಸಮಾಧಾನಪಡುತ್ತಾಳೆ ಎಂದುಕೊಂಡಿದ್ದೆ. ಗ್ರಹದ ಕಾಟ ತಪ್ಪಿತಲ್ಲ. ಅವಳು ಎಣ್ಣೆಯ ಕುಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

“ಶನಿಗಾದ್ರ ಏಳೂವರಿ ವರ್ಸಕ್ಕ ಮುಗೀತಿತ್ತಲ್ಲೋ ಬಸ್ಯಾ” ಎಂದಳು. “ಇದು ಎಂದ ಮುಗೀತೈತಿ?”

ನಾನು ಕುಡಿಕೆಯನ್ನು ಅವಳ ಮಡಿಲಿಂದ ಎತ್ತಿ ಗೂಡಿನಲ್ಲಿಟ್ಟೆ.

ಆಮೇಲಿನ ದಿನಗಳಲ್ಲಿ ಮನೆ ಅಣ್ಣನ ಉಸಿರಿನ ಸುತ್ತ ಹೊಸದಾಗಿ ಜೋಡಣೆಯಾಯಿತು. ಬಚ್ಚಲಲ್ಲಿ ಒಂದು ಮಣೆ ಬಂತು. ನೀರಿನ ಕೊಡ ಅವನ ಕೈಗೆ ಎಟಕುವ ಎತ್ತರಕ್ಕೆ ಏರಿತು. ಒಲೆ ಹೊಗೆ ಪಡಸಾಲೆಗೆ ಬರದಂತೆ ಅತ್ತಿಗೆ ಗೋಡೆಗೆ ಕಿಂಡಿ ಹೊಡೆಸಿದಳು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ದಿನಕ್ಕೆ ಎರಡರ ಬದಲು ಐದು ಸಲ ಸ್ವಲ್ಪ ಸ್ವಲ್ಪ ಕೊಡತೊಡಗಿದಳು. ಒಳ್ಳೆಯ ದಿನಗಳಿದ್ದವು, ಊರ ಅಗಸೆ ಬಾಗಿಲವರೆಗೆ ನಡೆದು ಬರುತ್ತಿದ್ದ. ಒಳ್ಳೆಯ ದಿನಕ್ಕೇ ಹೆಚ್ಚು ಹೆದರಬೇಕೆಂದು ನಾವು ಕಲಿತೆವು. ಚೆನ್ನಾಗಿದೆಯೆಂದು ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಮುಂದಿನ ಮೂರು ದಿನ ಅದು ಕಿತ್ತುಕೊಳ್ಳುತ್ತಿತ್ತು. ಎಲ್ಲಕ್ಕಿಂತ ಮೊದಲು ಕಡಿಮೆಯಾದದ್ದು ಮಾತು. ಒಂದು ವಾಕ್ಯಕ್ಕೆ ಬೇಕಾಗುವ ಉಸಿರು ಎಷ್ಟೆಂದು ನನಗೆ ಅಣ್ಣನನ್ನು ನೋಡಿ ಗೊತ್ತಾಯಿತು. ‘ನೀರು’, ‘ಸಾಕು’, ‘ಆಮ್ಯಾಲ’. ಅಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ವಾಚಾಳಿ ತಮ್ಮನೊಬ್ಬ ಪಕ್ಕದಲ್ಲೇ ಕೂತು ಲೊಟಲೊಟ ಗಾಳಿ ಹಾಳು ಮಾಡುತ್ತಿದ್ದ.

ಮಳೆ ಬಿದ್ದ ಮೇಲೆ ನಾನು ಅತ್ತಿಗೆಯ ತವರು ಸಂತೆಕಲ್ಲೂರಿಗೆ ಹೋದೆ. ಅವಳಪ್ಪನ ಜೋಳದ ಹೊಲದಲ್ಲಿ ದುಡಿಯುವುದು, ಕಾಳು ಸಿಂಧನೂರಿಗೆ ತರುವುದು ಎಂದು ಮಾತಾಗಿತ್ತು. ನೇಗಿಲು ಹಿಡಿದು ನಾನು ಹೊಡೆದ ಸಾಲು ಹಾವಿನ ಹಾಗೆ ಹೋಗುತ್ತಿತ್ತು. ಎತ್ತುಗಳು ನಡುನಡುವೆ ತಿರುಗಿ ನನ್ನ ಮುಖ ನೋಡುತ್ತಿದ್ದವು. “ಬಸಪ್ಪ, ನೀ ಗಳೆ ಹಿಡದ್ರ ಎತ್ತಿಗೆ ನಾಚಿಕಿ ಬರತೈತಿ” ಎನ್ನುತ್ತಿದ್ದ ಮುದುಕ. ಕೈಯಲ್ಲಿ ಬೊಬ್ಬೆ, ನೆತ್ತಿಯ ಮೇಲೆ ಬಿಸಿಲು. ಆದರೆ ಶನಿವಾರಗಳು ಬಂದು ಹೋದವು, ನನ್ನ ಎದೆ ಸುಮ್ಮನಿತ್ತು.

ಹತ್ತಿ ಬಿಡಿಸುವ ಕಾಲ ಮತ್ತೆ ಬಂತು. ನಾನು ಊರಿಗೆ ಬಂದಿದ್ದಾಗ ಮುಕಾದಮ ಮನೆಗೇ ಬಂದ. ಅಣ್ಣ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ.

“ಬಸ್ಯಾ, ಈ ಶನಿವಾರ ಭೋಂಗಾ ಹೊಡೀತೈತಿ. ನಿಮ್ಮಣ್ಣನ ಜಾಗಾ ಖಾಲಿ ಇಟ್ಟೀನಿ. ಹೊರೂದಿಲ್ಲ, ಏನಿಲ್ಲ. ಮಷಿನ್ ಮುಂದ ನಿಂತು ಹತ್ತಿ ಹಾಕೂದು ಅಷ್ಟ.”

ಮಷಿನಿನ ಮುಂದೆಯೇ ಧೂಳು ಎಲ್ಲಕ್ಕಿಂತ ದಟ್ಟ. ಅದು ನನಗೆ ಗೊತ್ತಿತ್ತು. ಮುಕಾದಮನಿಗೂ ಗೊತ್ತಿತ್ತು. ಆದರೆ ಅವನು ಕೆಟ್ಟವನಲ್ಲ. ನಮ್ಮ ಒಲೆಯ ಯೋಚನೆ ಮಾಡಿಯೇ ಬಂದಿದ್ದ. ಬೊಬ್ಬೆ ಎದ್ದ ಕೈ ನೋಡಿಕೊಂಡೆ. ಒಂದೇ ಒಂದು ಹಂಗಾಮು, ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ.

“ನೋಡ್ತೀನ್ರಿ” ಎಂದೆ. ನಮ್ಮ ಕಡೆ ಹಾಗೆಂದರೆ ಬರುತ್ತೇನೆ ಎಂದೇ ಅರ್ಥ. ಮುಕಾದಮ ತಲೆಯಾಡಿಸಿ ಏಳಲು ಹೊರಟ.

ಅಣ್ಣ ಮಂಡಿಗೆ ಎರಡೂ ಕೈ ಊರಿದ. ಎರಡು ಮೂರು ಸಲ ತುಟಿ ಸುರುಟಿ ಉಸಿರು ಬಿಟ್ಟು ಒಳಗೆ ಗಾಳಿ ಕೂಡಿಸಿಕೊಂಡ, ಭಾರ ಎತ್ತುವ ಮೊದಲು ಸೊಂಟ ಬಿಗಿಯುವವರ ಹಾಗೆ. ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು.

“ಮುಕಾದಮಣ್ಣ” ಎಂದ. “ಇಪ್ಪತ್ತನಾಕು ವರ್ಸ ನಿಮ್ಮ ಜಿನ್ನಿನ ಗಾಳಿ ಕುಡದೀನಿ.” ನಿಂತ. ಭುಜ ಏರಿತು, ಇಳಿಯಿತು. “ನಾ ಹ್ಯಾಂಗ ಆಗೀನಿ ನೀವ ನೋಡಾಕತ್ತೀರಿ.” ಮತ್ತೆ ನಿಂತ. “ಇವಗಿನ್ನೂ ಶನಿವಾರ ಅಷ್ಟ ಐತಿ. ಉಳದ ಆರು ದಿನ ಇವನ್ವು. ನಾ ಇರೂತನಕ ಇವ ಆ ಬಾಗಲಾ ತುಳ್ಯಂಗಿಲ್ಲ. ನಾ ಹೋದ ಮ್ಯಾಲ” ಎಂದು ನನ್ನ ಕಡೆ ನೋಡಿದ, “ಆವಾಗೂ ಇಲ್ಲ.”

ಒಂದು ವರ್ಷದಲ್ಲಿ ಅಣ್ಣ ಅಷ್ಟು ಮಾತಾಡಿರಲಿಲ್ಲ. ಮುಕಾದಮ ಚಪ್ಪಲಿ ಮೆಟ್ಟಿಕೊಂಡು ಹೋದ. ಅಣ್ಣ ಗೋಡೆಯ ಬದಿಗೇ ಜಾರಿ ಮಲಗಿದ. ತುಟಿಗೆ ಆ ಬಣ್ಣ ಬಂದಿತ್ತು. ಅತ್ತಿಗೆ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದಳು. ಮರುದಿನವೂ, ಅದರ ಮರುದಿನವೂ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ಹೊತ್ತಿನಲ್ಲಿ, ಇನ್ನು ಉಳಿಯಲಾರ ಎನಿಸಿ, ನಾವು ಅವ್ವನನ್ನು ಅವನ ಹತ್ತಿರ ಕರೆದು ಕೂರಿಸಿದೆವು.

ಮೂರನೆಯ ದಿನ ನೀರು ಕೇಳಿದ. ಅದು ಶನಿವಾರ, ದೂರದಲ್ಲಿ ಭೋಂಗಾ ಕೂಗುತ್ತಿತ್ತು. ಕುಡಿದು, ನನ್ನನ್ನು ನೋಡಿ, “ಇನ್ನೂ ಇಲ್ಲೇ ಅದೀಯಾ?” ಎಂದ. “ಗಳೆ ಹೊಡಿ, ಹೋಗು.”

ಹೋದೆ. ನನ್ನ ಸಾಲು ಈಗ ಮೊದಲಿನಷ್ಟು ಸೊಟ್ಟ ಹೋಗುವುದಿಲ್ಲ, ಎತ್ತುಗಳು ತಿರುಗಿ ನೋಡುವುದನ್ನು ಬಿಟ್ಟಿವೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತೇನೆ. ಪ್ರತಿ ಸಲವೂ ಓಣಿಯ ತುದಿಗೆ ಬಂದಾಗ ಮನೆಯ ಮುಂದೆ ಜನ ಕೂಡಿದ್ದಾರೆಯೇ ಎಂದು ಮೊದಲು ನೋಡುತ್ತೇನೆ. ಕೂಡಿರುವುದಿಲ್ಲ. ಆಗ ನಡಿಗೆ ಸಡಿಲಾಗುತ್ತದೆ.

ಈ ಬರಹವನ್ನು ಅಣ್ಣನ ಪಕ್ಕದಲ್ಲಿ ಕೂತು ಬರೆದೆ. ಶಾಲೆಯಲ್ಲಿ ನಾನು ಕಲಿತದ್ದು ಉರ್ದು, ಕನ್ನಡದ ಅಕ್ಷರ ಅವನೇ ಬೂದಿಯಲ್ಲಿ ಬೆರಳು ಹಿಡಿದು ತಿದ್ದಿಸಿದ್ದು. ಅದಕ್ಕೇ ತಪ್ಪುಗಳಿದ್ದರೆ ಅವನವು. ಏನು ಬರೆದಿದ್ದೀ ಓದು ಎಂದ. ಓದತೊಡಗಿದೆ. ಗಿಡದ ಕೆಳಗಿನ ನನ್ನ ಕುಣಿತದ ಹತ್ತಿರ ಬಂದಾಗ ಅವನ ಭುಜ ಅಲುಗಿದವು. ನಗುತ್ತಿದ್ದಾನೋ ಉಸಿರಿಗೆ ಹೆಣಗುತ್ತಿದ್ದಾನೋ ಎಂದು ಓದು ನಿಲ್ಲಿಸಿ ಅವನನ್ನೇ ನೋಡಿದೆ. ನಗುತ್ತಿದ್ದ. ಮುಂದಕ್ಕೆ ಓದು ಎಂದು ಗಲ್ಲ ಎತ್ತಿದ. ಲಿಂಗಸುಗೂರು ಮುಟ್ಟುವಷ್ಟರಲ್ಲಿ ಅವನಿಗೆ ದಣಿವಾಯಿತು. ಕೇಳುವುದಕ್ಕೂ ಕಸುವು ಬೇಕು.

ಕಣ್ಣು ಮುಚ್ಚಿಕೊಂಡಿದ್ದಾನೆ. ಎದೆ ಏರುತ್ತಿದೆ, ಇಳಿಯುತ್ತಿದೆ. ನಾನು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೇನೆ. ಎದ್ದ ಮೇಲೆ ಇಲ್ಲಿಂದ ಮುಂದೆ ಓದಬೇಕು.